ಗಾಳಿ-ಕಡಲುಗಳ ಲೆಕ್ಕ ಬರೆದ ಸರ್ ಗಿಲ್ಬರ್ಟ್ ವಾಕರ್

2015ನೆಯ ಇಸವಿಯನ್ನು ಚೆನ್ನೈ ನಗರದ ಕನ್ನಡಿಗರು ಬೇಗನೆ ಮರೆಯುವಂತಿಲ್ಲ. ಆ ವರ್ಷ ದೇಶದ ನೈಋತ್ಯ ಮುಂಗಾರು ಶೇಕಡಾ 14ರಷ್ಟು ಕೊರತೆಯಾಯಿತು. ಕರ್ನಾಟಕದ ಬಹುಭಾಗದಲ್ಲಿ ಪೈರು ಒಣಗಿ, ಊರಿನಿಂದ ಬಂದ ಸುದ್ದಿಯೆಲ್ಲ ಬರಗಾಲದ ಸುದ್ದಿಯಾಗಿತ್ತು. ಕೆಲವೇ ತಿಂಗಳುಗಳ ತರುವಾಯ, ಡಿಸೆಂಬರ್ 1ರಂದು, ಚೆನ್ನೈಯ ಮೇಲೆ ಸುರಿದ ಮಳೆಗೆ ಅಡಯಾರು ನದಿ ದಡ ಮೀರಿ ಹರಿದು ನಗರವೇ ಜಲಾವೃತವಾಯಿತು. ಹುಟ್ಟಿದೂರಿನಲ್ಲಿ ನೀರಿಗೆ ಹಾಹಾಕಾರ, ಹೊಟ್ಟೆಪಾಡಿನ ಊರಿನಲ್ಲಿ ನೀರಿನಿಂದ ಹಾಹಾಕಾರ. ಈ ಎರಡು ವಿಪತ್ತುಗಳಿಗೂ ಒಂದಕ್ಕೊಂದು ನಂಟಿರಬಹುದೆಂದು ಅಂದು ಯಾರಿಗೆ ತೋರೀತು? ಆದರೂ ಆ ವರ್ಷ ಸಾವಿರಾರು ಮೈಲು ದೂರದ ಪೆಸಿಫಿಕ್ ಮಹಾಸಾಗರದ ನೀರು ವಾಡಿಕೆಗಿಂತ ಬಹಳ ಹೆಚ್ಚು ಕಾದಿತ್ತು. ಅಂಥ ವರ್ಷಗಳಲ್ಲಿ ನಮ್ಮ ನೈಋತ್ಯ ಮಳೆ ಕುಗ್ಗುವುದೂ, ಚೆನ್ನೈಯ ಈಶಾನ್ಯ ಮಳೆ ಹೆಚ್ಚುವುದೂ ಹಲವು ಬಾರಿ ಕಂಡುಬಂದಿದೆ.

ಒಂದು ದೇಶದ ಮಳೆಗೂ ಇನ್ನೊಂದು ಖಂಡದ ಗಾಳಿಗೂ ಇರುವ ಇಂಥ ನಂಟನ್ನು ಊಹೆಯಿಂದಲ್ಲ, ಅಂಕಗಣಿತದಿಂದ ತೋರಿಸಿಕೊಟ್ಟ ಮಹನೀಯರು ಸರ್ ಗಿಲ್ಬರ್ಟ್ ಥಾಮಸ್ ವಾಕರ್. ಅವರು ಇಪ್ಪತ್ತು ವರ್ಷಗಳ ಕಾಲ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದರು. ಮದರಾಸಿನ ಒಬ್ಬ ಬಡ ಗುಮಾಸ್ತನ ಬಾಳಿನ ದಿಕ್ಕು ಬದಲಾಗಲು ನೆರವಾದವರೂ ಅವರೇ. ಅವರ ಜೀವನವನ್ನು ಅರಿಯುವುದರಿಂದ, ಇಂದು ವಿಜ್ಞಾನಿಗಳು ಕಡಲಿನ ಬಿಸಿ ಮತ್ತು ಉಪ್ಪಿನ ಲೆಕ್ಕವನ್ನು ಏಕೆ ಇಷ್ಟು ಕಷ್ಟಪಟ್ಟು ಹಾಕುತ್ತಿದ್ದಾರೆಂಬುದೂ ತಿಳಿಯುತ್ತದೆ.

ಧಾತು ಈಶ್ವರದ ಕ್ಷಾಮ

ವಾಕರರ ಕಥೆಯನ್ನು ಆರಂಭಿಸುವ ಮೊದಲು ಅವರ ಇಲಾಖೆ ಹೊತ್ತ ಹೊಣೆಯ ಮೂಲವನ್ನು ಹೇಳಬೇಕು. 1876ರಲ್ಲಿ ಮದರಾಸು ಅಧಿಪತ್ಯದಲ್ಲಿಯೂ ಮೈಸೂರು ಸಂಸ್ಥಾನದಲ್ಲಿಯೂ ಮಳೆ ಕೈಕೊಟ್ಟಿತು. ಮರುವರ್ಷವೂ ಕಷ್ಟ ಕಳೆಯಲಿಲ್ಲ. ಧಾತು, ಈಶ್ವರ ಎಂಬ ಆ ಎರಡು ಸಂವತ್ಸರಗಳ ಹೆಸರಿನಿಂದಲೇ ನಮ್ಮ ಹಿರಿಯರು ಆ ಕ್ಷಾಮವನ್ನು ನೆನೆಯುತ್ತಿದ್ದರು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಕ್ಷಾಮವೆಂದರೆ ಏನೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ಕ್ಷಾಮದ ಹಿಂದಿನ ವರ್ಷ, ಅಂದರೆ 1875ರಲ್ಲಿ, ಭಾರತದ ಹವಾಮಾನ ಇಲಾಖೆ ಸ್ಥಾಪಿತವಾಗಿತ್ತು. ಅದರ ಮೊದಲ ಮುಖ್ಯಸ್ಥರಾದ ಹೆನ್ರಿ ಬ್ಲಾನ್‌ಫೋರ್ಡರಿಗೆ ಸರ್ಕಾರ ಇಟ್ಟ ಪ್ರಶ್ನೆ ಒಂದೇ: ಮಳೆ ಬರುವುದೋ ಇಲ್ಲವೋ ಎಂಬುದನ್ನು ಮುಂಚಿತವಾಗಿ ಹೇಳಬಹುದೆ? ಹಿಮಾಲಯದಲ್ಲಿ ಹಿಮ ಹೆಚ್ಚು ಬಿದ್ದ ವರ್ಷ ಮುಂಗಾರು ದುರ್ಬಲವಾಗುವುದೆಂಬ ಆಧಾರದ ಮೇಲೆ ಅವರು 1880ರ ದಶಕದಲ್ಲಿ ಮುನ್ಸೂಚನೆ ಕೊಡತೊಡಗಿದರು. ಅವರ ತರುವಾಯ ಬಂದ ಜಾನ್ ಎಲಿಯಟ್ಟರು ಮುನ್ಸೂಚನೆಯನ್ನು ಇನ್ನಷ್ಟು ವಿಸ್ತರಿಸಿದರು. ಆದರೆ 1899ರಲ್ಲಿ ಅವರ ಲೆಕ್ಕ ತಪ್ಪಿತು. ಒಳ್ಳೆಯ ಮಳೆಯ ನಿರೀಕ್ಷೆಯಿದ್ದ ಆ ವರ್ಷ ಭೀಕರ ಅನಾವೃಷ್ಟಿಯುಂಟಾಗಿ ದೇಶದ ಅನೇಕ ಭಾಗಗಳು ಮತ್ತೆ ಕ್ಷಾಮಕ್ಕೆ ತುತ್ತಾದವು. ಇಲಾಖೆಗೆ ಅನುಭವಿಗಳಾದ ಅಧಿಕಾರಿಗಳಿದ್ದರು. ಆದರೆ ಅನುಭವವೊಂದೇ ಸಾಲದೆಂಬುದು ಸ್ಪಷ್ಟವಾಗಿತ್ತು. ಎಲಿಯಟ್ಟರು ತಮ್ಮ ಉತ್ತರಾಧಿಕಾರಿಯಾಗಿ ಒಬ್ಬ ಗಣಿತಜ್ಞರನ್ನು ಆರಿಸಿದ್ದು ಈ ಕಾರಣದಿಂದ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಗಿಲ್ಬರ್ಟ್ ವಾಕರರು ಹುಟ್ಟಿದ್ದು 1868ರ ಜೂನ್ 14ರಂದು, ಇಂಗ್ಲೆಂಡಿನ ಲಂಕಾಷೈರ್ ಸೀಮೆಯ ರಾಚ್‌ಡೇಲ್ ಪಟ್ಟಣದಲ್ಲಿ. ದಕ್ಷಿಣ ಭಾರತದಲ್ಲಿ ಧಾತು ಈಶ್ವರದ ಕ್ಷಾಮ ನಡೆದಾಗ ಅವರು ಎಂಟು ವರ್ಷದ ಬಾಲಕ. ತಂದೆ ಇಂಜಿನಿಯರರು. ಮನೆತುಂಬ ಮಕ್ಕಳಿದ್ದ ಆ ಕುಟುಂಬದಲ್ಲಿ ಗಿಲ್ಬರ್ಟರು ಹಿರಿಯ ಮಗ. ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದಿ, ಅಲ್ಲಿಂದ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜನ್ನು ಸೇರಿದರು. 1889ರ ಗಣಿತ ಪರೀಕ್ಷೆಯಲ್ಲಿ ಇಡೀ ವಿಶ್ವವಿದ್ಯಾಲಯಕ್ಕೇ ಮೊದಲಿಗರಾಗಿ ತೇರ್ಗಡೆ ಹೊಂದಿ ಸೀನಿಯರ್ ರ್ಯಾಂಗ್ಲರ್ ಎಂಬ ಕೀರ್ತಿಗೆ ಪಾತ್ರರಾದರು.

ಆದರೆ ಅತಿಯಾದ ವ್ಯಾಸಂಗದಿಂದ ಅವರ ಆರೋಗ್ಯ ಕೆಟ್ಟಿತು. ಮೂರು ಚಳಿಗಾಲಗಳನ್ನು ಸ್ವಿಟ್ಜರ್ಲೆಂಡಿನಲ್ಲಿ ಕಳೆಯಬೇಕಾಯಿತು. ಅಲ್ಲಿ ಹಿಮಗಡ್ಡೆಯ ಮೇಲೆ ಜಾರುವ ಆಟವನ್ನು ಕಲಿತು ಅದರಲ್ಲಿ ನಿಪುಣರಾದರು. ಅವರ ಸ್ವಭಾವವೇ ಅಂಥದು. ಕಣ್ಣಿಗೆ ಬಿದ್ದ ಯಾವ ಚಲನೆಯೂ ಅವರಿಗೆ ಒಂದು ಗಣಿತದ ಸಮಸ್ಯೆಯಾಗುತ್ತಿತ್ತು. ಆಸ್ಟ್ರೇಲಿಯದ ಮೂಲನಿವಾಸಿಗಳು ಬಳಸುವ, ಎಸೆದರೆ ತಿರುಗಿ ಬರುವ ಬೂಮರಾಂಗ್ ಎಂಬ ಬಾಗಿದ ಕೋಲು ಹೇಗೆ ಹಾರುತ್ತದೆಂಬುದನ್ನು ವಿವರಿಸಿ 1897ರಲ್ಲಿ ಪ್ರೌಢ ಪ್ರಬಂಧವನ್ನೇ ಪ್ರಕಟಿಸಿದರು. ಗೆಳೆಯರು ಅವರನ್ನು ಬೂಮರಾಂಗ್ ವಾಕರ್ ಎಂದು ಕರೆಯತೊಡಗಿದರು. ಕೊಳಲಿನ ನಾದ, ಹಕ್ಕಿಗಳು ರೆಕ್ಕೆ ಬಡಿಯದೆ ಆಕಾಶದಲ್ಲಿ ತೇಲುವ ಬಗೆ, ಇವೂ ಅವರ ಕುತೂಹಲದ ವಿಷಯಗಳಾಗಿದ್ದವು. ಟ್ರಿನಿಟಿ ಕಾಲೇಜಿನಲ್ಲಿ ಫೆಲೋ ಆಗಿ, ಅಧ್ಯಾಪಕರಾಗಿ, ವಿದ್ಯುತ್ತು ಮತ್ತು ಅಯಸ್ಕಾಂತ ಶಕ್ತಿಗಳ ಗಣಿತದಲ್ಲಿ ಹೆಸರು ಗಳಿಸಿದರು. ಹವಾಮಾನ ಶಾಸ್ತ್ರದಲ್ಲಿ ಮಾತ್ರ ಅವರಿಗೆ ಯಾವ ಶಿಕ್ಷಣವೂ ಇರಲಿಲ್ಲ.

ಸಿಮ್ಲಾದ ಲೆಕ್ಕದ ಮನೆ

ಅಂಥವರು 1904ರ ಆರಂಭದಲ್ಲಿ ಎಲಿಯಟ್ಟರಿಂದ ಇಲಾಖೆಯ ಅಧಿಕಾರ ವಹಿಸಿಕೊಂಡರು. ಅದೇ ವರ್ಷ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. ಆಗ ಇಲಾಖೆಯ ಮುಖ್ಯ ಕಚೇರಿ ಸಿಮ್ಲಾದಲ್ಲಿತ್ತು. ಅಲ್ಲಿಯ ಮೈದಾನದಲ್ಲಿ ಅವರು ಬೂಮರಾಂಗ್ ಎಸೆಯುತ್ತಿದ್ದುದನ್ನು ಜನರು ಕುತೂಹಲದಿಂದ ನೋಡುತ್ತಿದ್ದರೆಂದು ಹೇಳುವುದುಂಟು.

ಮಳೆಯ ಕಾರಣಗಳನ್ನು ಶಾಸ್ತ್ರದ ಮೂಲತತ್ತ್ವಗಳಿಂದ ತರ್ಕಿಸಿ ಕಂಡುಹಿಡಿಯುವ ಕಾಲ ಇನ್ನೂ ಬಂದಿಲ್ಲವೆಂಬುದನ್ನು ವಾಕರರು ಬೇಗನೆ ಅರಿತರು. ವಾಯುಮಂಡಲದ ಆಳವನ್ನು ಅಂದು ಕಂಡವರಿರಲಿಲ್ಲ. ಕಡಲಿನ ಒಳಗೇನಿದೆಯೆಂಬುದನ್ನು ಅಳೆದವರು ಇನ್ನೂ ವಿರಳ. ಆದುದರಿಂದ ಅವರು ಬೇರೊಂದು ದಾರಿ ಹಿಡಿದರು. ಜಗತ್ತಿನ ನಾನಾ ಸ್ಥಳಗಳಲ್ಲಿ ದಶಕಗಳಿಂದ ಬರೆದಿಟ್ಟ ವಾಯುಭಾರ, ಮಳೆ, ಉಷ್ಣತೆಗಳ ದಾಖಲೆಗಳನ್ನು ತರಿಸಿ, ಯಾವ ಅಂಕಿ ಏರಿದಾಗ ಭಾರತದ ಮಳೆ ಏರುತ್ತದೆ, ಯಾವುದು ಏರಿದಾಗ ಇಳಿಯುತ್ತದೆ ಎಂಬುದನ್ನು ಗಣಿತದಿಂದ ಅಳೆಯಲು ಹೊರಟರು. ಈ ಅಳತೆಗೆ ಸಹಸಂಬಂಧವೆಂದು ಹೆಸರು.

ಹೋಟೆಲಿನಲ್ಲಿ ದುಡಿಯುವವರಿಗೆ ಈ ವಿಚಾರ ಹೊಸದೇನೂ ಅಲ್ಲ. ಬಿಸಿಲು ಏರಿದ ದಿನ ಮಜ್ಜಿಗೆ ಹೆಚ್ಚು ಖರ್ಚಾಗುತ್ತದೆ. ಮಳೆ ಹಿಡಿದ ಸಂಜೆ ಬೋಂಡ, ಕಾಫಿ ಹೆಚ್ಚು ಹೋಗುತ್ತವೆ. ಇದು ನಿಜವಾದ ನಂಟು. ಆದರೆ ಎರಡು ಮಂಗಳವಾರ ಅಕಸ್ಮಾತ್ತಾಗಿ ಇಡ್ಲಿ ಹೆಚ್ಚು ಹೋದ ಮಾತ್ರಕ್ಕೆ ಮಂಗಳವಾರಕ್ಕೂ ಇಡ್ಲಿಗೂ ನಂಟೆಂದು ನಂಬಿ ಹಿಟ್ಟು ಹೆಚ್ಚು ರುಬ್ಬಿದರೆ ನಷ್ಟವಾಗುತ್ತದೆ. ನೂರು ನಂಟುಗಳನ್ನು ಹುಡುಕಿದರೆ ಅವುಗಳಲ್ಲಿ ಕೆಲವು ಕೇವಲ ಆಕಸ್ಮಿಕವಾಗಿಯೇ ದೊಡ್ಡದಾಗಿ ತೋರುವುವು. ಈ ಅಪಾಯವನ್ನು ಅರಿತಿದ್ದ ವಾಕರರು, ನಿಜವಾದ ನಂಟನ್ನು ಆಕಸ್ಮಿಕದಿಂದ ಬೇರ್ಪಡಿಸುವ ಕಟ್ಟುನಿಟ್ಟಾದ ಪರೀಕ್ಷೆಯೊಂದನ್ನು 1914ರಲ್ಲಿ ಪ್ರಕಟಿಸಿದರು. ತಮ್ಮ ಲೆಕ್ಕವನ್ನು ತಾವೇ ಸಂಶಯಿಸುವ ಈ ಗುಣ ಅವರ ದೊಡ್ಡತನದ ಒಂದು ಲಕ್ಷಣ.

ಗಣಕಯಂತ್ರಗಳಿಲ್ಲದ ಆ ಕಾಲದಲ್ಲಿ ಒಂದೊಂದು ಸಹಸಂಬಂಧಕ್ಕೂ ಪುಟಗಟ್ಟಲೆ ಗುಣಾಕಾರ, ಭಾಗಾಕಾರಗಳು ಬೇಕಾಗುತ್ತಿದ್ದವು. ಆ ಕೆಲಸ ನಡೆದದ್ದು ಬಹುಮಟ್ಟಿಗೆ ಇಲಾಖೆಯ ಭಾರತೀಯ ಸಿಬ್ಬಂದಿಯ ಕೈಗಳಿಂದ. ಅವರಲ್ಲಿ ಹೆಚ್ಚಿನವರ ಹೆಸರುಗಳು ಗ್ರಂಥಗಳಲ್ಲಿ ಉಳಿದಿಲ್ಲ. ಆದರೆ ಜಗತ್ತಿನ ಹವಾಮಾನದ ಬಗೆಗೆ ಮೊದಲ ಮಹತ್ತರ ಸತ್ಯವೊಂದು ಹೊರಬಿದ್ದದ್ದು ಆ ಕಚೇರಿಯ ಮೇಜುಗಳ ಮೇಲಿನ ಕೈಬರಹದ ಲೆಕ್ಕದಿಂದ ಎಂಬುದನ್ನು ಗುಮಾಸ್ತ ವೃತ್ತಿಯವರೆಲ್ಲರೂ ನೆನಪಿಡತಕ್ಕದ್ದು.

ಹಿಮಾಲಯದ ಹಿಮ, ಮಾರಿಷಸ್ ದ್ವೀಪದ ವಾಯುಭಾರ, ದಕ್ಷಿಣ ಅಮೆರಿಕದ ವಾಯುಭಾರ, ಆಫ್ರಿಕದ ಕರಾವಳಿಯ ಜಾಂಜಿಬಾರ್‌ನ ಮಳೆ, ಇವುಗಳನ್ನು ಕೂಡಿಸಿ ಅವರು ಮುಂಗಾರಿನ ಮುನ್ಸೂಚನೆಗೆ ಸೂತ್ರ ರಚಿಸಿದರು. ಇದೇ ಕಾಲದಲ್ಲಿ ಇನ್ನೊಂದು ಪ್ರಶ್ನೆಯೂ ಅವರ ಮುಂದೆ ಬಂದಿತು. ಭಾರತದ ಮಳೆಯೇ ಶಾಶ್ವತವಾಗಿ ಕಡಮೆಯಾಗುತ್ತಿದೆ, ಕಾಡು ಕಡಿದುದೇ ಅದಕ್ಕೆ ಕಾರಣ ಎಂಬ ಮಾತು ಜನರಲ್ಲಿ ಹಬ್ಬಿತ್ತು. ವಾಕರರು ಲಭ್ಯವಿದ್ದ ದಾಖಲೆಗಳನ್ನೆಲ್ಲ ಪರಿಶೀಲಿಸಿ 1910ರಲ್ಲಿ ತಮ್ಮ ತೀರ್ಮಾನವನ್ನು ಪ್ರಕಟಿಸಿದರು. ಮಳೆ ಕೆಲವು ವರ್ಷ ಕುಗ್ಗುವುದು, ಕೆಲವು ವರ್ಷ ಹಿಗ್ಗುವುದು; ಶಾಶ್ವತ ಬದಲಾವಣೆಯಾಗಿದೆಯೆನ್ನಲು ಲೆಕ್ಕದಲ್ಲಿ ಆಧಾರವಿಲ್ಲ ಎಂಬುದು ಅದರ ಸಾರ. ಅಂದಿನ ಲೆಕ್ಕಕ್ಕೆ ಅದು ಪ್ರಾಮಾಣಿಕವಾದ ತೀರ್ಮಾನ. ಈ ಮಾತನ್ನು ಮುಂದೆ ಮತ್ತೆ ನೆನೆಯಬೇಕಾಗಿದೆ.

ಮದರಾಸಿನ ಬಂದರಿನ ಗುಮಾಸ್ತ

ದೇಶದ ವೀಕ್ಷಣಾಲಯಗಳೆಲ್ಲ ವಾಕರರ ಅಧೀನದಲ್ಲಿದ್ದವು. ನುಂಗಂಬಾಕ್ಕದಲ್ಲಿ ಅಂದಿಗೇ ಶತಮಾನ ದಾಟಿದ್ದ ಮದರಾಸು ವೀಕ್ಷಣಾಲಯವೂ ಅವುಗಳಲ್ಲಿ ಒಂದು. 1913ರ ಫೆಬ್ರವರಿಯಲ್ಲಿ ಅವರು ಮದರಾಸಿಗೆ ಬಂದಿದ್ದರು. ಆಗ ಮದರಾಸು ಬಂದರಿನ ಟ್ರಸ್ಟಿನ ಅಧ್ಯಕ್ಷರಾಗಿದ್ದ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಅವರು ತಮ್ಮ ಕಚೇರಿಯ ಲೆಕ್ಕಪತ್ರ ವಿಭಾಗದ ಗುಮಾಸ್ತನೊಬ್ಬನ ಗಣಿತದ ಬರವಣಿಗೆಯನ್ನು ವಾಕರರಿಗೆ ತೋರಿಸಿದರು. ಆ ಗುಮಾಸ್ತನ ಸಂಬಳ ತಿಂಗಳಿಗೆ 30 ರೂಪಾಯಿ. ಕಾಲೇಜಿನ ಪರೀಕ್ಷೆಗಳಲ್ಲಿ ತೇರ್ಗಡೆಯಾಗದೆ ಪದವಿಯಿಲ್ಲದೆ ಉಳಿದ ಯುವಕ. ಹೆಸರು ಶ್ರೀನಿವಾಸ ರಾಮಾನುಜನ್.

ವಾಕರರು ಆ ದಿನ ರಾಮಾನುಜನ್ನರನ್ನು ಕಣ್ಣಾರೆ ಕಾಣಲೂ ಇಲ್ಲ. ಕಂಡದ್ದು ಬರಹವನ್ನು ಮಾತ್ರ. ಆದರೂ ಮರುದಿನವೇ, ಅಂದರೆ ಫೆಬ್ರವರಿ 26ರಂದು, ಮದರಾಸು ವಿಶ್ವವಿದ್ಯಾಲಯಕ್ಕೆ ಕಾಗದ ಬರೆದರು. ಈ ಕೆಲಸದ ಸ್ವೋಪಜ್ಞತೆ ಕೇಂಬ್ರಿಜ್‌ನ ಗಣಿತದ ಫೆಲೋ ಒಬ್ಬರ ಕೆಲಸಕ್ಕೆ ಹೋಲುವಂಥದು, ಈ ಯುವಕನಿಗೆ ಹೊಟ್ಟೆಯ ಚಿಂತೆಯಿಲ್ಲದೆ ಕೆಲವು ವರ್ಷ ಗಣಿತದಲ್ಲೇ ಮುಳುಗಿರಲು ಅವಕಾಶ ಕಲ್ಪಿಸಬೇಕು ಎಂಬುದು ಅದರ ತಾತ್ಪರ್ಯ. ಮೇ ತಿಂಗಳಿನಿಂದ ರಾಮಾನುಜನ್ನರಿಗೆ ತಿಂಗಳಿಗೆ 75 ರೂಪಾಯಿಗಳ ವಿದ್ಯಾರ್ಥಿವೇತನ ದೊರೆಯಿತು. ಮರುವರ್ಷ ಅವರು ಕೇಂಬ್ರಿಜ್‌ಗೆ, ವಾಕರರು ಓದಿದ ಟ್ರಿನಿಟಿ ಕಾಲೇಜಿಗೇ, ತೆರಳಿದರು. ಆ ಬಳಿಕದ ಕಥೆ ಜಗತ್ತಿಗೆ ತಿಳಿದದ್ದು. ರಾಮಾನುಜನ್ನರ ಏಳಿಗೆಗೆ ಕಾರಣರಾದವರು ಅನೇಕರು. ಆದರೆ ಒಬ್ಬ ಗುಮಾಸ್ತನ ಸಂಬಳವನ್ನೂ ಪದವಿಯನ್ನೂ ಕೇಳದೆ ಅವನ ಕೆಲಸವನ್ನು ಮಾತ್ರ ನೋಡಿ, ಒಂದು ದಿನವೂ ತಡಮಾಡದೆ ಶಿಫಾರಸು ಮಾಡಿದ ಅಧಿಕಾರಿಗೆ ಆ ಕೀರ್ತಿಯಲ್ಲಿ ಪಾಲು ಸಲ್ಲಲೇಬೇಕು.

ಲೋಕದ ಹವೆಯ ತಕ್ಕಡಿ

ಮೊದಲ ಮಹಾಯುದ್ಧದ ಕಾಲದಲ್ಲಿ ಇಲಾಖೆಯ ಅನೇಕ ಅಧಿಕಾರಿಗಳು ಯುದ್ಧಸೇವೆಗೆ ಹೋದರೂ ಲೆಕ್ಕದ ಕೆಲಸ ನಿಲ್ಲಲಿಲ್ಲ. 1923 ಮತ್ತು 1924ರಲ್ಲಿ ವಾಕರರು ತಮ್ಮ ಇಪ್ಪತ್ತು ವರ್ಷಗಳ ಶ್ರಮದ ಫಲವನ್ನು ಪ್ರಕಟಿಸಿದರು. ಪೆಸಿಫಿಕ್ ಮಹಾಸಾಗರದ ಮೇಲೆ ವಾಯುಭಾರ ಹೆಚ್ಚಿದಾಗ, ಆಫ್ರಿಕದಿಂದ ಆಸ್ಟ್ರೇಲಿಯದವರೆಗೆ ಹಿಂದೂ ಮಹಾಸಾಗರದ ಮೇಲೆ ವಾಯುಭಾರ ಕುಗ್ಗುತ್ತದೆ. ಅದು ಕುಗ್ಗಿದಾಗ ಇದು ಹೆಚ್ಚುತ್ತದೆ. ಅರ್ಧ ಭೂಗೋಳವನ್ನು ವ್ಯಾಪಿಸಿದ ಒಂದು ದೊಡ್ಡ ತಕ್ಕಡಿಯ ಎರಡು ತಟ್ಟೆಗಳಂತೆ ಇವೆರಡೂ ಏರಿಳಿಯುತ್ತವೆ. ಇದಕ್ಕೆ ಅವರು ದಕ್ಷಿಣ ಆಂದೋಲನವೆಂದು ಹೆಸರಿಟ್ಟರು. ಉತ್ತರ ಅಟ್ಲಾಂಟಿಕ್ ಮತ್ತು ಉತ್ತರ ಪೆಸಿಫಿಕ್ ಸಾಗರಗಳ ಮೇಲೆಯೂ ಇಂಥ ಆಂದೋಲನಗಳಿರುವುದನ್ನು ತೋರಿಸಿದರು. ಭಾರತದ ಮಳೆ ಭಾರತದ ಸ್ವಂತ ಆಸ್ತಿಯಲ್ಲ, ಇಡೀ ಲೋಕದ ಒಟ್ಟು ವ್ಯವಹಾರದಲ್ಲಿ ಅದೂ ಒಂದು ಬಾಬ್ತು ಎಂಬುದು ಆಗ ಸ್ಥಿರಪಟ್ಟಿತು.

1924ರಲ್ಲಿ ಅವರು ಸರ್ ಪದವಿಯೊಡನೆ ಭಾರತದಿಂದ ನಿವೃತ್ತರಾಗಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹವಾಮಾನ ಶಾಸ್ತ್ರದ ಪ್ರಾಧ್ಯಾಪಕರಾಗಿ 1934ರವರೆಗೆ ಸೇವೆ ಸಲ್ಲಿಸಿದರು. ಸಂಶೋಧನೆಯನ್ನು ಅಲ್ಲಿಯೂ ಬಿಡಲಿಲ್ಲ. ಆಸ್ಟ್ರೇಲಿಯದ ಡಾರ್ವಿನ್ ಬಂದರಿನ ವಾಯುಭಾರದ ಅಂಕಿಗಳನ್ನು ಕುರಿತು 1931ರಲ್ಲಿ ಅವರು ಬರೆದ ಪ್ರಬಂಧದ ಸಮೀಕರಣಗಳನ್ನು, ಯೂಲ್ ಎಂಬ ಇನ್ನೊಬ್ಬ ವಿದ್ವಾಂಸರ ಹೆಸರಿನೊಡನೆ ಸೇರಿಸಿ, ಇಂದಿಗೂ ಇಂಜಿನಿಯರರು ಬಳಸುತ್ತಾರೆ.

ಆದರೆ ಅವರ ಕೀರ್ತಿಗೆ ಒಂದು ನೆರಳೂ ಇತ್ತು. ತಕ್ಕಡಿ ತೂಗುವುದನ್ನು ಅವರು ತೋರಿಸಿದರು. ಅದನ್ನು ತೂಗುವ ಕೈ ಯಾವುದೆಂಬುದನ್ನು ಹೇಳಲಾಗಲಿಲ್ಲ. ವಾಯುಮಂಡಲಕ್ಕೆ ನೆನಪಿನ ಶಕ್ತಿ ಕಡಮೆ; ಇಂದಿನ ಗಾಳಿ ಕೆಲವು ವಾರಗಳಲ್ಲಿ ತನ್ನ ಹಿಂದಿನ ಸ್ಥಿತಿಯನ್ನು ಮರೆಯುತ್ತದೆ. ತಿಂಗಳುಗಟ್ಟಲೆ ನೆನಪಿಟ್ಟುಕೊಳ್ಳುವುದು ಕಡಲು. ಆದರೆ ಕಡಲಿನ ಲೆಕ್ಕ ಬರೆದಿಟ್ಟವರೇ ಇರಲಿಲ್ಲ. ಅನೇಕ ವಿದ್ವಾಂಸರು ಅವರ ಆಂದೋಲನಗಳನ್ನು ಬರಿಯ ಅಂಕಿಗಳ ಆಟವೆಂದು ಶಂಕಿಸಿದರು. ಅವರ ಮುನ್ಸೂಚನೆಯ ಸೂತ್ರಗಳಲ್ಲಿ ಹಲವು ಮುಂದಿನ ದಶಕಗಳಲ್ಲಿ ಬಲ ಕಳೆದುಕೊಂಡವು. 1958ರ ನವೆಂಬರ್ 4ರಂದು, ತಮ್ಮ 90ನೆಯ ವಯಸ್ಸಿನಲ್ಲಿ, ಇಂಗ್ಲೆಂಡಿನ ಸರ್‍ರೆ ಸೀಮೆಯಲ್ಲಿ ಅವರು ನಿಧನರಾದಾಗ ಅವರ ಬಾಳಿನ ಮುಖ್ಯ ಉದ್ದೇಶ ಪೂರ್ಣ ಕೈಗೂಡಲಿಲ್ಲವೆಂದೇ ಬಹುಮಂದಿ ಭಾವಿಸಿದ್ದರು. ಅವರನ್ನು ಬಲ್ಲವರು ಅವರ ಸೌಜನ್ಯವನ್ನೂ ವಿನಯವನ್ನೂ ಕೊಂಡಾಡಿದರು.

1958ರ ಎರಡು ಅಳತೆಗಳು

ವಿಧಿಯ ವಿಚಿತ್ರವೆಂದರೆ, ಅವರಿಗೆ ಬೇಕಾಗಿದ್ದ ಉತ್ತರ ಆಗಲೇ ಕಡಲಿನ ಮೇಲೆ ಬರೆಯಲ್ಪಡುತ್ತಿತ್ತು. 1957-58ರಲ್ಲಿ ನಾನಾ ರಾಷ್ಟ್ರಗಳು ಕೂಡಿ ಭೂಮಿಯನ್ನೂ ಸಾಗರಗಳನ್ನೂ ವ್ಯಾಪಕವಾಗಿ ಅಳೆದವು. ಅದೇ ಸಮಯದಲ್ಲಿ ಪೂರ್ವ ಪೆಸಿಫಿಕ್ಕಿನ ನೀರು ವಿಶೇಷವಾಗಿ ಕಾಯಿತು. ಪೆರು ದೇಶದ ಬೆಸ್ತರು ಇಂಥ ಬಿಸಿನೀರಿಗೆ ಎಲ್ ನಿನ್ಯೋ ಎಂದು ಬಹುಹಿಂದೆಯೇ ಹೆಸರಿಟ್ಟಿದ್ದರು. ನಾರ್ವೆ ಮೂಲದ ಹವಾಮಾನ ಶಾಸ್ತ್ರಜ್ಞ ಯಾಕೋಬ್ ಬ್ಯೆರ್ಕ್‌ನೆಸ್ ಅವರು ಈ ಅಳತೆಗಳನ್ನು ಪರಿಶೀಲಿಸಿ ರಹಸ್ಯವನ್ನು ಬಿಡಿಸಿದರು. ಪೂರ್ವ ಪೆಸಿಫಿಕ್ಕಿನ ನೀರು ತಣ್ಣಗೂ ಪಶ್ಚಿಮದ್ದು ಬೆಚ್ಚಗೂ ಇರುವಾಗ ಪಶ್ಚಿಮದಲ್ಲಿ ಗಾಳಿ ಮೇಲೇರಿ, ಎತ್ತರದಲ್ಲಿ ಪೂರ್ವಕ್ಕೆ ಸಾಗಿ, ಅಲ್ಲಿ ಇಳಿದು, ಕೆಳಗಿನಿಂದ ಮರಳಿ ಬರುತ್ತದೆ. ಪೂರ್ವದ ನೀರು ಕಾದರೆ ಈ ಚಕ್ರ ಸಡಿಲವಾಗುತ್ತದೆ. ಮಳೆಯ ಸ್ಥಾನಗಳು ಪಲ್ಲಟವಾಗುತ್ತವೆ. ತಕ್ಕಡಿಯನ್ನು ತೂಗುತ್ತಿದ್ದ ಕೈ ಕಡಲಿನದು, ಗಾಳಿಯದು, ಎರಡೂ ಕೂಡಿದ್ದು. 1969ರಲ್ಲಿ ಬ್ಯೆರ್ಕ್‌ನೆಸ್ಸರು ಆ ಗಾಳಿಯ ಚಕ್ರಕ್ಕೆ ವಾಕರ್ ಪರಿಚಲನೆ ಎಂದು ಹೆಸರಿಟ್ಟು ದಿವಂಗತರ ಋಣ ತೀರಿಸಿದರು.

1958ರಲ್ಲಿಯೇ ಇನ್ನೊಂದು ಅಳತೆ ಮೊದಲಾಯಿತು. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಚಾರ್ಲ್ಸ್ ಕೀಲಿಂಗ್ ಅವರು ಗಾಳಿಯಲ್ಲಿನ ಇಂಗಾಲಾಮ್ಲವನ್ನು, ಅಂದರೆ ಕಾರ್ಬನ್ ಡೈಆಕ್ಸೈಡ್ ಅನಿಲವನ್ನು, ಅಳೆಯತೊಡಗಿದರು. ಅಂದು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 315 ಪಾಲಿದ್ದ ಆ ಅನಿಲ 2024ರಲ್ಲಿ ಸುಮಾರು 424 ಪಾಲಿಗೆ ಏರಿತ್ತು. ಕಲ್ಲಿದ್ದಲು, ಎಣ್ಣೆಗಳನ್ನು ಸುಡುವುದರಿಂದ ಹುಟ್ಟುವ ಈ ಅನಿಲ ಭೂಮಿಯ ಶಾಖವನ್ನು ಹೊರಬಿಡದೆ ತಡೆಯುತ್ತದೆ. ಇದರಿಂದ ಭೂಮಿ ಕಾಯುತ್ತಿದೆಯೆಂದು ಗೈ ಕ್ಯಾಲೆಂಡರ್ ಎಂಬ ಇಂಜಿನಿಯರರು 1938ರಲ್ಲಿ ಲಂಡನ್ನಿನ ವಿದ್ವತ್ಸಭೆಯಲ್ಲಿ ವಾದಿಸಿದಾಗ, ಹಿಂದೆ ಸಿಮ್ಲಾದಲ್ಲಿ ವಾಕರರ ಕೈಕೆಳಗೆ ದುಡಿದಿದ್ದ ಸರ್ ಜಾರ್ಜ್ ಸಿಂಪ್ಸನ್ನರೂ ಅದನ್ನು ಸಂಶಯದಿಂದಲೇ ಕಂಡಿದ್ದರು. ಇಂದು ಸಂಶಯಕ್ಕೆ ಎಡೆಯಿಲ್ಲ. ಹೀಗೆ ಸಂಗ್ರಹವಾದ ಹೆಚ್ಚುವರಿ ಶಾಖದಲ್ಲಿ ಶೇಕಡಾ 90ರಷ್ಟನ್ನು ಕಡಲು ನುಂಗಿಕೊಂಡಿದೆ. 1951ರಿಂದ 2015ರವರೆಗೆ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ಸುಮಾರು 1 ಡಿಗ್ರಿ ಸೆಂಟಿಗ್ರೇಡ್ ಕಾದಿದೆ. ಇದು ಜಗತ್ತಿನ ಸಾಗರಗಳ ಸರಾಸರಿಗಿಂತ ಹೆಚ್ಚು.

ವಾಕರರ 1910ರ ತೀರ್ಮಾನವನ್ನು ಇಲ್ಲಿ ನೆನೆಯಬೇಕು. ಅವರ ಸಹಸಂಬಂಧಗಳೆಲ್ಲ ನಿಂತಿದ್ದುದು ಒಂದೇ ನಂಬಿಕೆಯ ಮೇಲೆ: ಹಿಂದೆ ನಡೆದಂತೆ ಮುಂದೆಯೂ ನಡೆಯುವುದು. ಹವೆ ಸ್ಥಿರವಾಗಿದ್ದರೆ ಅದು ಸರಿ. ಹವೆಯೇ ಬದಲಾಗುತ್ತಿದ್ದರೆ ಹಳೆಯ ಖಾತೆಯ ಸರಾಸರಿಯಿಂದ ಹೊಸ ವರ್ಷದ ಆಯವ್ಯಯವನ್ನು ಊಹಿಸುವಂತಿಲ್ಲ. 1997ರಲ್ಲಿ ಪ್ರಚಂಡವಾದ ಎಲ್ ನಿನ್ಯೋ ಬಂದರೂ ಭಾರತದ ಮುಂಗಾರು ವಾಡಿಕೆಯಂತೆಯೇ ಸುರಿಯಿತು. ಹಳೆಯ ನಂಟು ಸಡಿಲವಾಗುತ್ತಿದೆಯೆ ಎಂಬ ಚರ್ಚೆ ಅಂದಿನಿಂದ ನಡೆದಿದೆ.

ಬಿಸಿ ಮತ್ತು ಉಪ್ಪಿನ ಖಾತೆ

ಆದುದರಿಂದ ಇಂದಿನ ವಿಜ್ಞಾನಿಗಳು ಗಣಕಯಂತ್ರದಲ್ಲಿ ಕಡಲಿನ ಪ್ರತಿರೂಪವನ್ನೇ ಕಟ್ಟುತ್ತಾರೆ. ಸಾಗರವನ್ನು ಉದ್ದ, ಅಗಲ, ಆಳಗಳಲ್ಲಿ ಲಕ್ಷಾಂತರ ಚೌಕಗಳಾಗಿ ಭಾಗಿಸಿ, ಒಂದೊಂದು ಚೌಕಕ್ಕೂ ಒಂದು ಖಾತೆ ತೆರೆಯುತ್ತಾರೆ. ನಿನ್ನೆಯ ಶಿಲ್ಕು ಎಷ್ಟು, ಸೂರ್ಯನಿಂದ ಜಮೆ ಎಷ್ಟು, ಆವಿಯಾಗಿ ಖರ್ಚು ಎಷ್ಟು, ನೆರೆಯ ಚೌಕದಿಂದ ಹರಿದು ಬಂದದ್ದೆಷ್ಟು, ಇಂದಿನ ಶಿಲ್ಕು ಎಷ್ಟು? ಶಾಖಕ್ಕೊಂದು ಖಾತೆ, ಉಪ್ಪಿಗೊಂದು ಖಾತೆ. ಗಾಳಿಯ ಲೆಕ್ಕವನ್ನೂ ಕಡಲಿನ ಲೆಕ್ಕವನ್ನೂ ಒಂದಕ್ಕೊಂದು ಜೋಡಿಸಿದ ಮೊದಲ ಪ್ರತಿರೂಪವನ್ನು ಸ್ಯುಕುರೊ ಮನಬೆ ಮತ್ತು ಕರ್ಕ್ ಬ್ರಯನ್ ಅವರು ಅಮೆರಿಕದಲ್ಲಿ ಪ್ರಕಟಿಸಿದ್ದು 1969ರಲ್ಲಿ, ವಾಕರ್ ಪರಿಚಲನೆಗೆ ಹೆಸರು ಬಂದ ವರ್ಷದಲ್ಲಿಯೇ. ಇಂಗಾಲಾಮ್ಲ ಏರಿದರೆ ಹವೆ ಹೇಗೆ ಬದಲಾಗುವುದೆಂದು ಇಂಥ ಲೆಕ್ಕಗಳಿಂದ ತೋರಿಸಿದ್ದಕ್ಕಾಗಿ ಮನಬೆಯವರು 2021ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ ನಮ್ಮವರೂ ಅಂಥ ಪ್ರತಿರೂಪವನ್ನು ನಿರ್ಮಿಸಿದ್ದಾರೆ.

ಉಪ್ಪಿನ ಲೆಕ್ಕವೇಕೆಂದು ಕೇಳಬಹುದು. ಸಾರು ಕುದಿದು ಇಂಗಿದರೆ ಉಪ್ಪಾಗುತ್ತದೆ, ನೀರು ಬೆರೆಸಿದರೆ ಸಪ್ಪೆಯಾಗುತ್ತದೆ. ಕಡಲೂ ಹಾಗೆಯೇ. ಆವಿಯಾಗುವುದೇ ಹೆಚ್ಚಾದ ಅರಬ್ಬೀ ಸಮುದ್ರದ ಸಾವಿರ ಪಾಲು ನೀರಿನಲ್ಲಿ ಸುಮಾರು 36 ಪಾಲು ಉಪ್ಪಿದೆ. ಗಂಗಾ, ಬ್ರಹ್ಮಪುತ್ರ, ಐರಾವತಿ ನದಿಗಳ ನೀರೂ ಮಳೆಯೂ ಬೆರೆಯುವ ಬಂಗಾಳ ಕೊಲ್ಲಿಯ ಉತ್ತರ ಭಾಗದಲ್ಲಿ ಮೇಲ್ಮೈ ಅದಕ್ಕಿಂತ ಬಹಳ ಸಪ್ಪೆ. ಸಪ್ಪೆ ನೀರು ಹಗುರ. ಅದು ಉಪ್ಪುನೀರಿನ ಮೇಲೆ ಮುಚ್ಚಳದಂತೆ ನಿಲ್ಲುತ್ತದೆ. ಆಗ ಕೆಳಗಿನ ತಣ್ಣೀರು ಮೇಲಕ್ಕೆ ಬೆರೆಯುವುದಿಲ್ಲ. ಮೇಲ್ಪದರ ಬೆಚ್ಚಗೆ ಉಳಿದು ಚಂಡಮಾರುತಗಳಿಗೂ ಮಳೆಗೂ ಆಹಾರವಾಗುತ್ತದೆ. ಭೂಮಿ ಕಾದಂತೆ ಉಪ್ಪಾದ ಕಡಲು ಇನ್ನೂ ಉಪ್ಪಾಗುವುದೂ, ಸಪ್ಪೆಯಾದದ್ದು ಇನ್ನೂ ಸಪ್ಪೆಯಾಗುವುದೂ ಜಗತ್ತಿನ ಸಾಗರಗಳಲ್ಲಿ ಸಾಮಾನ್ಯವಾಗಿ ಕಂಡುಬಂದಿದೆ. ಮುಚ್ಚಳ ದಪ್ಪವಾದರೆ ಕೊಲ್ಲಿಯ ಗತಿಯೇನು, ದಡದಲ್ಲಿರುವ ಚೆನ್ನೈಯ ಗತಿಯೇನು ಎಂಬುದೇ ಪ್ರಶ್ನೆ.

ಇದಕ್ಕೆ ಉತ್ತರ ಸುಲಭವಲ್ಲ. ಮಳೆಗಾಲದ ನಂತರ ಆ ಸಪ್ಪೆ ನೀರು ಪೂರ್ವ ಕರಾವಳಿಯನ್ನು ಅಪ್ಪಿಕೊಂಡು, ಸುಮಾರು 100 ಕಿಲೋಮೀಟರು ಅಗಲದ ನದಿಯಂತೆ, ಕಡಲಿನೊಳಗೇ ದಕ್ಷಿಣಕ್ಕೆ ಹರಿಯುತ್ತದೆ. ಮರೀನಾದಲ್ಲಿ ಕಾಲು ತೋಯಿಸುವವರ ಪಾದಕ್ಕೆ ಆಗ ಗಂಗೆಯ ಪಾಲೂ ಸೋಕುತ್ತದೆ. ಇಡೀ ಜಗತ್ತನ್ನು ಲೆಕ್ಕ ಹಾಕುವ ಪ್ರತಿರೂಪಗಳಲ್ಲಿ ಒಂದು ಚೌಕವೇ ಅನೇಕ ವೇಳೆ ಅಷ್ಟು ಅಗಲವಿರುವುದರಿಂದ ಈ ನದಿ ಅವುಗಳ ಬಲೆಗೆ ಬೀಳುವುದಿಲ್ಲ. ಆದ್ದರಿಂದ ಒಂದೊಂದು ಪ್ರದೇಶದ ಕಡಲಿಗೂ ಸಣ್ಣ ಚೌಕಗಳ ಪ್ರತ್ಯೇಕ ಪ್ರತಿರೂಪಗಳು ಬೇಕಾಗುತ್ತವೆ. ಈ ಕಡಲನದಿಯನ್ನು ಅಳೆದು ತೋರಿಸಿದ್ದು ಹೇಗೆಂಬುದು ಸ್ವಾರಸ್ಯಕರ. ಕರಾವಳಿಯ ಎಂಟು ಕಡೆಗಳಲ್ಲಿ ಬೆಸ್ತರು ಐದೈದು ದಿನಕ್ಕೊಮ್ಮೆ ಸಮುದ್ರದ ನೀರನ್ನು ತುಂಬಿಕೊಟ್ಟರು. ವಿಜ್ಞಾನಿಗಳು ಅದರ ಉಪ್ಪನ್ನು ಅಳೆದು 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಿಮ್ಲಾದ ಗುಮಾಸ್ತರ ಲೇಖನಿಗೂ ಈ ಬೆಸ್ತರ ಬಾಟಲಿಗೂ ಒಂದೇ ಮನೆತನ.

ವಾಕರರಿಗೆ ಇಲ್ಲದಿದ್ದ ಕಡಲಿನ ಖಾತೆ ಇಂದು ತುಂಬುತ್ತಿದೆ. ಚೆನ್ನೈಯ ಪಳ್ಳಿಕರಣೈಯಲ್ಲಿರುವ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಕೊಲ್ಲಿಯಲ್ಲಿ ಲಂಗರು ಹಾಕಿದ ತೇಲುಬುರುಡೆಗಳಿಂದ ಬಿಸಿಯನ್ನೂ ಉಪ್ಪನ್ನೂ ಅಳೆಯುತ್ತಿದೆ. ಜಗತ್ತಿನ ಸಾಗರಗಳಲ್ಲಿ ಸುಮಾರು ನಾಲ್ಕು ಸಾವಿರ ಯಂತ್ರಗಳು ಎರಡು ಕಿಲೋಮೀಟರು ಆಳಕ್ಕೆ ಮುಳುಗಿ ಎದ್ದು ಹತ್ತು ದಿನಕ್ಕೊಮ್ಮೆ ಲೆಕ್ಕ ಒಪ್ಪಿಸುತ್ತವೆ. ಆದರೂ ಲೆಕ್ಕ ತಾಳೆಯಾಗದ ಪುಟಗಳಿವೆ. ಭೂಮಿ ಕಾದಂತೆ ವಾಕರ್ ಪರಿಚಲನೆ ದುರ್ಬಲವಾಗಬೇಕೆಂದು ಬಹುತೇಕ ಪ್ರತಿರೂಪಗಳು ಹೇಳುತ್ತವೆ. ಕಳೆದ ಶತಮಾನದ ಕೊನೆಯ ದಶಕಗಳಿಂದ ಅದು ಬಲಗೊಂಡದ್ದನ್ನು ಅಳತೆಗಳು ತೋರಿಸಿವೆ. ವಾಕರರು ಬದುಕಿದ್ದಿದ್ದರೆ ಈ ವ್ಯತ್ಯಾಸವನ್ನು ಮುಚ್ಚಿಡುತ್ತಿರಲಿಲ್ಲ. ಅದನ್ನೇ ಮೊದಲು ಪರಿಶೀಲಿಸುತ್ತಿದ್ದರು.

ನುಂಗಂಬಾಕ್ಕದ ಕಾಲೇಜು ರಸ್ತೆಯಲ್ಲಿ ಹವಾಮಾನ ಇಲಾಖೆಯ ಕಚೇರಿ ಇಂದಿಗೂ ಇದೆ. ಹಳೆಯ ವೀಕ್ಷಣಾಲಯದ ಕಲ್ಲುಕಂಬವೂ ಅಲ್ಲಿ ಉಳಿದಿದೆ. ಆ ದಾರಿಯಲ್ಲಿ ಸಾಗುವ ಕನ್ನಡಿಗರು ಒಂದು ಕ್ಷಣ ನಿಂತು, ಉತ್ತರ ಸಿಗದೆಂದು ತಿಳಿದ ಮೇಲೂ ಲೆಕ್ಕ ಬಿಡದ ಆ ಮಹನೀಯರನ್ನು ನೆನೆಯಬಹುದು. ಊರಿನ ಹೊಲಕ್ಕೆ ಮಳೆ ಬರುವುದೋ, ಇಲ್ಲಿನ ಬೀದಿಗೆ ನೆರೆ ಬರುವುದೋ ಎಂಬುದನ್ನು ಮುಂದೆ ಯಾರಾದರೂ ಖಚಿತವಾಗಿ ಹೇಳುವಂತಾದರೆ, ಆ ಖಾತೆಯ ಮೊದಲ ಪುಟಗಳಲ್ಲಿ ವಾಕರರ ಕೈಬರಹವೂ, ಅವರ ಹೆಸರಿಲ್ಲದ ಗುಮಾಸ್ತರ ಕೈಬರಹವೂ ಇರುವುವು.